ಲಂಗಾಟಾ ಸಿಸ್ಟರ ಸಹಿ

ಕಳೆದ ತಿಂಗಳು ನಮ್ಮ ಕ್ಲಿನಿಕ್ಕಿನ ಸಿಸ್ಟರು ನಿವೃತ್ತರಾದರು. ಹಾರ, ಶಾಲು, ಭಾಷಣ ಮೂರೂ ಇರಲೇಬೇಕೆಂದು ನಮ್ಮ ಕಮಿಟಿಯವರ ಆಸೆ. ಅವರು ಯಾವುದಕ್ಕೂ ಒಪ್ಪಲಿಲ್ಲ. "ಶಾಲು ಬೇಡ ಮಾರಾಯ್ತಿ, ನನ್ನ ಹತ್ರ ನಾಲ್ಕುಂಟು. ನಾಲ್ಕೂ ಇಂಥದ್ದೇ ಸಭೆಯದ್ದು" ಎಂದು ಫೋನಿನಲ್ಲಿ ನನಗೆ ಹೇಳಿದರು. ಕೊನೆಯ ದಿನವೂ ಮಧ್ಯಾಹ್ನದವರೆಗೆ ರೋಗಿಗಳನ್ನು ನೋಡಿ, ತಾವೇ ಕಲಿಸಿ ತಯಾರು ಮಾಡಿದ ವಂಜಿಕು ಎಂಬ ನರ್ಸ್ ಹುಡುಗಿಯ ಕೈಗೆ ಬೀಗದ ಕೈ ಕೊಟ್ಟು, ಕೊಡೆ ಹಿಡಿದು ಮಟಾಟು ಎಂಬ ಬಾಡಿಗೆ ವ್ಯಾನುಗಳ ಸ್ಟೇಜಿನ ಕಡೆ ನಡೆದರಂತೆ. ನಾನು ಹಾರ ಹಿಡಿದು ಹೋಗುವ ಹೊತ್ತಿಗೆ ಅವರು ಮನೆ ಸೇರಿದ್ದರು. ಆ ಹಾರವನ್ನು ವಂಜಿಕು ಔಷಧದ ಕಪಾಟಿಗೆ ಹಾಕಿದಳು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲೇ ಎಂದು ಕೇಳಿದಾಗ, "ಬರೆಯುದಾದ್ರೆ ಬರಿ, ಹೆಸರು ಹಾಕಬೇಡ. ಊರಲ್ಲಿ ನನ್ನ ಅಕ್ಕ ಓದ್ತಾಳೆ. ಓದಿ ಒಂದೊಂದು ಸಾಲಿಗೂ ಫೋನು ಮಾಡ್ತಾಳೆ" ಎಂದರು. ಊರೆಂದರೆ ಮಂಗಳೂರಿನ ಹತ್ತಿರದ ಹಳ್ಳಿ. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಮಂಗಳೂರು ಕನ್ನಡ, ರೋಗಿಗಳೊಡನೆ ಅದೇ ರಾಗದ ಸ್ವಾಹಿಲಿ. ಮೂವತ್ತು ವರ್ಷ ನೈರೋಬಿಯಲ್ಲಿದ್ದರೂ ಇಲ್ಲಿನ ಮೀನಿನ ಜೊತೆ ಅವರಿಗೆ ರಾಜಿಯಾಗಲಿಲ್ಲ. "ಇದು ಮೀನಾ? ಕೆರೆಯಲ್ಲಿ ಬೆಳೆದ ಬದನೆಕಾಯಿ" ಎಂದು ಬೈಯುತ್ತಲೇ ಪ್ರತಿ ಶುಕ್ರವಾರ ಅದನ್ನೇ ಕೊಳ್ಳುತ್ತಿದ್ದರು.

ನಾನು ಅವರ ಬಳಿಗೆ ಬಂದದ್ದು ಕೆಲಸವಿಲ್ಲದೆ. ೨೦೧೩ರಲ್ಲಿ ಗಂಡನಿಗೆ ನೈರೋಬಿಯ ಅಪ್ಪರ್ ಹಿಲ್‌ನ ಆಫೀಸಿಗೆ ವರ್ಗವಾಯಿತು. ನಾನು ಅವರ ವೀಸಾದ ಬಾಲ ಹಿಡಿದು ಬಂದೆ. ಬೆಂಗಳೂರಿನ ಇನ್ಶೂರೆನ್ಸ್ ಕಂಪನಿಯಲ್ಲಿ ಹನ್ನೊಂದು ವರ್ಷ ಆಸ್ಪತ್ರೆ ಬಿಲ್ಲುಗಳ ಸತ್ಯಾಸತ್ಯ ನೋಡುವ ಕೆಲಸ ಮಾಡಿದ್ದವಳಿಗೆ ಇಲ್ಲಿ ಸಂಬಳಕ್ಕೆ ದುಡಿಯಲು ಪರವಾನಗಿ ಇರಲಿಲ್ಲ. ಮೂರು ತಿಂಗಳು ಕಪಾಟುಗಳನ್ನು ಜೋಡಿಸಿದೆ. ನಾಲ್ಕನೆಯ ತಿಂಗಳು ಅವೇ ಕಪಾಟುಗಳನ್ನು ಮತ್ತೆ ಜೋಡಿಸುತ್ತಿರುವುದನ್ನು ಕಂಡು ಗಂಡನಿಗೇ ಹೆದರಿಕೆಯಾಯಿತು. ಯುಗಾದಿ ಊಟದಲ್ಲಿ ಒಬ್ಬ ಹಿರಿಯ ಡಾಕ್ಟರಿಗೆ ನನ್ನನ್ನು ಪರಿಚಯಿಸಿದರು. ಅವರು ಮೈಸೂರಿನವರು, ನೈರೋಬಿಗೆ ಬಂದು ನೆಲೆಸಿ ನನ್ನ ವಯಸ್ಸಿನಷ್ಟೇ ವರ್ಷವಾಗಿತ್ತು. "ಪುಕ್ಕಟೆ ಕೆಲಸ ಮಾಡ್ತೀಯೇನಮ್ಮ? ಮಾಡೋದಾದ್ರೆ ಬೇಕಾದಷ್ಟಿದೆ" ಎಂದರು.

ಆ ಡಾಕ್ಟರೇ ಮುಂದೆ ನಿಂತು, ಇಲ್ಲಿನ ಕನ್ನಡಿಗರಿಂದ ಹಣ ಕೂಡಿಸಿ, ನಗರದ ಲಂಗಾಟಾ ಬಡಾವಣೆಯಲ್ಲಿ ಒಂದು ಧರ್ಮಾರ್ಥ ಕ್ಲಿನಿಕ್ ಕಟ್ಟಿದ್ದರು. ಎರಡು ಕೋಣೆ, ತಗಡಿನ ಜಗಲಿ, ಒಂದು ಉದ್ದ ಬೆಂಚು. ಪಕ್ಕದ ಶ್ರೀಮಂತ ಬಡಾವಣೆ ಕರೆನ್‌ನ ದೊಡ್ಡ ಮನೆಗಳಲ್ಲಿ ಪಾತ್ರೆ ತೊಳೆಯುವವರು, ತೋಟ ನೋಡುವವರು, ಗೇಟು ಕಾಯುವ ಅಸ್ಕರಿಗಳು ಬೆಳಗ್ಗೆ ಏಳಕ್ಕೇ ಬಂದು ಆ ಬೆಂಚಿನಲ್ಲಿ ಕೂರುತ್ತಿದ್ದರು. ಡಾಕ್ಟರು ಗುರುವಾರ ಮಾತ್ರ ಬರುತ್ತಿದ್ದರು. ಉಳಿದ ಐದು ದಿನ ಸಿಸ್ಟರು.

ಮೊದಲ ದಿನ ಅವರು ನನ್ನನ್ನು ಕೇಳಿದ್ದು, "ಇನ್ಶೂರೆನ್ಸಿನಲ್ಲಿ ನಿನ್ನದು ಎಂತ ಕೆಲಸ?"

"ಜನ ಸುಳ್ಳು ಹೇಳ್ತಿದಾರಾ ಅಂತ ನೋಡೋದು, ಸಿಸ್ಟರ್."

"ಹಾಗಾದ್ರೆ ನಮ್ಮದೂ ಅದೇ ಕೆಲಸ. ನಿನ್ನವರು ಕಾಯಿಲೆ ಉಂಟು ಅಂತ ಸುಳ್ಳು ಹೇಳ್ತಾರೆ. ನಮ್ಮವರು ಇಲ್ಲಾಂತ ಹೇಳ್ತಾರೆ, ರಜ ಸಿಗುದಿಲ್ಲ ಅಲ್ವಾ."

ರೋಗಿಗಳಿಗೆ ಬಿಳಿ ಕೋಟು ಹಾಕಿದವರೆಲ್ಲ ಡಾಕ್ಟರೇ. "ಡಕ್ಟಾರಿ" ಎಂದು ಕರೆದ ಪ್ರತಿಯೊಬ್ಬರಿಗೂ ಸಿಸ್ಟರು, "ಮಿಮಿ ಸಿ ಡಕ್ಟಾರಿ, ನಾನು ಡಾಕ್ಟರಲ್ಲ, ನರ್ಸ್" ಎಂದು ತಿದ್ದುತ್ತಿದ್ದರು. ದಿನಕ್ಕೆ ನಲವತ್ತು ಸಲ ತಿದ್ದಿದರೂ ಬೇಸರವಿಲ್ಲ. ಹಾಗೆಂದು ಅವರು ಬರೀ ಸೂಜಿ ಚುಚ್ಚುವ ನರ್ಸೂ ಅಲ್ಲ. ನಲವತ್ತೇಳನೆಯ ವಯಸ್ಸಿನಲ್ಲಿ ಮತ್ತೆ ಕಾಲೇಜಿಗೆ ಸೇರಿ, ಮಗಳ ವಯಸ್ಸಿನವರ ಪಕ್ಕ ಕುಳಿತು, ತಾವೇ ರೋಗಿಯನ್ನು ಪರೀಕ್ಷಿಸಿ ಔಷಧ ಬರೆಯುವ ತರಬೇತಿ ಮುಗಿಸಿದ್ದರು. ರಾತ್ರಿ ಊಟಕ್ಕೆ ಕುಳಿತಾಗ ಅವರ ಮನೆಯವರು ಪುಸ್ತಕ ಹಿಡಿದು ಪ್ರಶ್ನೆ ಕೇಳುವುದು, ತಪ್ಪು ಉತ್ತರಕ್ಕೆ ಇವರು ಒಂದು ತುಂಡು ಮೀನು ಕಡಿಮೆ ಬಡಿಸಿಕೊಳ್ಳುವುದು. "ಆ ವರ್ಷ ನಾನು ಎಂಟು ಕಿಲೋ ಇಳಿದೆ" ಎನ್ನುತ್ತಿದ್ದರು. ಪರವಾನಗಿಯ ಕಾಗದ ಬಂದು ಎಷ್ಟೋ ವರ್ಷವಾಗಿತ್ತು. ಆದರೆ ಕ್ಲಿನಿಕ್ ನಡೆಸುವ ನಮ್ಮ ಟ್ರಸ್ಟಿನ ನಿಯಮ ಹಳೆಯದು: ಡಾಕ್ಟರ ಸಹಿ ಇಲ್ಲದ ಚೀಟಿಗೆ ಔಷಧ ಕೊಡುವಂತಿಲ್ಲ.

ಔಷಧ ಕೊಟ್ಟು ಕಳಿಸಿಬಿಡುವ ಅಭ್ಯಾಸ ಅವರಿಗಿರಲಿಲ್ಲ. ತಾಯಂದಿರಿಗೆ ಚಮಚ ಕೊಟ್ಟು, ಖಾಲಿ ಬಾಟಲಿಯಲ್ಲಿ ನೀರು ತುಂಬಿ, "ಹಾಕಿ ತೋರಿಸು" ಎನ್ನುತ್ತಿದ್ದರು. ಒಬ್ಬಳು ದೊಡ್ಡ ಚಮಚ ಎತ್ತಿಕೊಂಡರೆ, "ಪೋಲೆ ಮಾಮಾ, ಪಾಪ ತಾಯಿ, ಮಗುವಿಗೆ ಔಷಧ ಕೊಡ್ತೀಯಾ, ಪಾಯಸ ಬಡಿಸ್ತೀಯಾ?" ಎಂದು ಸ್ವಾಹಿಲಿಯಲ್ಲಿ ಕೇಳಿ ಬೆಂಚಿನವರನ್ನೆಲ್ಲ ನಗಿಸುತ್ತಿದ್ದರು. ನನಗೂ ಒಮ್ಮೆ ಇಲ್ಲಿನ ಜುಲೈ ಚಳಿಗೆ ಕೆಮ್ಮು ಹಿಡಿಯಿತು. ಆಂಟಿಬಯೋಟಿಕ್ ಕೊಡಿ ಎಂದೆ. ಎದೆಗೆ ಕೊಳವೆಯಿಟ್ಟು ಕೇಳಿ, ಬೇಡ ಎಂದರು.

"ಬೆಂಗಳೂರಲ್ಲಿ ಕೇಳಿದ ತಕ್ಷಣ ಕೊಡ್ತಾರೆ, ಸಿಸ್ಟರ್."

"ಹಾಗಾದ್ರೆ ಬೆಂಗಳೂರಿಗೆ ಹೋಗು. ಹೋಗಿ ಬರುವಷ್ಟರಲ್ಲಿ ಕೆಮ್ಮು ಹೋಗಿರ್ತದೆ."

ನಿಜಕ್ಕೂ ಎಂಟು ದಿನಕ್ಕೆ ಹೋಯಿತು. ಹೋದದ್ದನ್ನು ನಾನು ಅವರಿಗೆ ಹೇಳಲಿಲ್ಲ, ಅವರು ಕೇಳಲೂ ಇಲ್ಲ.

ನನ್ನ ಕೆಲಸ ಹಳೆಯ ಚೀಟಿಗಳನ್ನು ಕಂಪ್ಯೂಟರಿಗೆ ಏರಿಸುವುದು. ಎರಡು ವಾರ ಆಗುವಷ್ಟರಲ್ಲಿ ನನ್ನ ಮೂಗಿಗೆ ಏನೋ ಬಡಿಯಿತು. ಒಂದು ಮಂಗಳವಾರದ ಚೀಟಿಗಳಲ್ಲೆಲ್ಲ ಡಾಕ್ಟರ ಸಹಿ ಇದೆ. ಆ ಮಂಗಳವಾರ ಡಾಕ್ಟರು ಮೊಂಬಾಸಾದಲ್ಲಿ ಮೊಮ್ಮಗಳ ನಾಮಕರಣದಲ್ಲಿದ್ದರು. ಪಾಯಸಕ್ಕೆ ಸಕ್ಕರೆ ಕಡಿಮೆಯಾಗಿತ್ತೆಂದು ಅವರೇ ನನಗೆ ಹೇಳಿದ್ದರು. ಚೀಟಿಗಳನ್ನು ಹಿಡಿದು ಸಿಸ್ಟರ ಕೋಣೆಗೆ ಹೋದೆ. ಅವರು ಮೇಜಿನ ಖಾನೆ ಎಳೆದರು. ಒಳಗೆ ಖಾಲಿ ಚೀಟಿಗಳ ದಪ್ಪ ಕಟ್ಟು. ಪ್ರತಿಯೊಂದರ ಕೆಳಗೂ ಡಾಕ್ಟರ ಸಹಿ.

"ಗುರುವಾರ ಸಾಯಂಕಾಲ ಕಾಫಿ ಕುಡೀತಾ, ಕ್ರಿಕೆಟ್ ಮಾತಾಡ್ತಾ ಹಾಕಿ ಹೋಗ್ತಾರೆ," ಎಂದರು. "ಕೆಳಗಿನ ಗೆರೆ ಅವರದ್ದು. ಮೇಲಿನದ್ದೆಲ್ಲ ನನ್ನದು."

"ಎಷ್ಟು ವರ್ಷದಿಂದ?"

"ನಾನು ಬಂದಾಗಿನಿಂದ."

ಹನ್ನೊಂದು ವರ್ಷ ಸುಳ್ಳು ಸಹಿಗಳನ್ನು ಹಿಡಿದವಳು ನಾನು. ಬೇರೆಯವರಾಗಿದ್ದರೆ ಅಂದೇ ಕೆಂಪು ಶಾಯಿಯಲ್ಲಿ ಬರೆದುಬಿಡುತ್ತಿದ್ದೆ. ಇಲ್ಲಿ ಹಾಗೆ ಬರೆಯುವಂತಿರಲಿಲ್ಲ. ಡಾಕ್ಟರು ಕೆಟ್ಟವರಲ್ಲ. ಈ ಕ್ಲಿನಿಕ್ಕಿಗಾಗಿ ಕಂಡಕಂಡವರ ಮನೆ ಬಾಗಿಲಿಗೆ ಹೋಗಿ ಚಂದಾ ಎತ್ತಿದವರು, ಒಂದು ಶಿಲ್ಲಿಂಗ್ ತೆಗೆದುಕೊಳ್ಳದವರು. ನಿಯಮದಂತೆ ನಡೆದರೆ ವಾರಕ್ಕೆ ಐದು ದಿನ ಬಾಗಿಲು ಹಾಕಬೇಕು. ಜನ ಸಾಯಬಾರದೆಂದೇ ಅವರು ಹಾಗೆ ಸಹಿ ಹಾಕುತ್ತಿದ್ದದ್ದು. ಆದರೂ ಸುಮ್ಮನಿರಲಾರೆ ಎಂದು ಸಿಸ್ಟರಿಗೆ ಹೇಳಿದೆ. ಸಿಟ್ಟಾಗುತ್ತಾರೆಂದುಕೊಂಡಿದ್ದೆ.

"ನೀನು ಹೇಳಬೇಡ, ನಾನೇ ಹೇಳ್ತೇನೆ," ಎಂದರು. "ಇಷ್ಟು ವರ್ಷ ಧೈರ್ಯ ಬರ್ಲಿಲ್ಲ. ಈಗ ನೀನು ನೋಡಿಯಾಯ್ತಲ್ಲ."

ಮುಂದಿನ ಕಮಿಟಿ ಸಭೆಯಲ್ಲಿ ಆ ಕಟ್ಟನ್ನು ಮೇಜಿನ ಮೇಲೆ ಇಟ್ಟರು. ಅವರು ಆಡಿದ ಮಾತು ನನಗೆ ಈಗಲೂ ಬಾಯಿಪಾಠ. "ಸಹಿ ಡಾಕ್ಟ್ರದ್ದು, ನೋಡಿದವಳು ನಾನು. ನಾಳೆ ಎಂತಾದ್ರೂ ಹೆಚ್ಚುಕಮ್ಮಿ ಆದ್ರೆ, ನೋಡದೆ ಇದ್ದವರು ಸಿಕ್ಕಿಬೀಳ್ತಾರೆ, ನೋಡಿದವಳು ತಪ್ಪಿಸಿಕೊಳ್ತೇನೆ. ಇದು ನ್ಯಾಯ ಅಲ್ಲ. ಇನ್ನು ನನ್ನ ಹೆಸರಲ್ಲಿ ಬರೀತೇನೆ. ಆಗುದಿಲ್ಲಾಂತಾದ್ರೆ ನಾನು ಬಿಡ್ತೇನೆ."

ಡಾಕ್ಟರ ಮುಖ ಕೆಂಪಾಯಿತು. ಅವಮಾನವಾಯಿತೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಆದರೆ ಅವರು ಎತ್ತಿದ ಪ್ರಶ್ನೆ ತೆಗೆದುಹಾಕುವಂಥದ್ದಲ್ಲ. "ನೋಡಮ್ಮ," ಎಂದು ನನ್ನ ಕಡೆ ತಿರುಗಿ ಹೇಳಿದರು, ಸಿಸ್ಟರ ಕಡೆ ನೋಡಲಾರದೆ. "ಡಾಕ್ಟರು ಅಷ್ಟು ವರ್ಷ ಓದೋದು ಯಾರನ್ನ ದೊಡ್ಡಾಸ್ಪತ್ರೆಗೆ ಕಳಿಸಬೇಕು ಅಂತ ಕಲಿಯೋಕಲ್ಲ. ಯಾರನ್ನ ಕಳಿಸಬಾರದು ಅಂತ ಕಲಿಯೋಕೆ. ತನ್ನ ಹೆಸರಲ್ಲಿ ಬರೀಬೇಕು ಅಂದ್ರೆ ನರ್ಸಿಗೆ ಭಯ ಆಗತ್ತೆ. ತಲೆನೋವು ಬಂದವರನ್ನೆಲ್ಲ ಕಳಿಸ್ತಾರೆ. ಅಲ್ಲಿ ರಕ್ತ ಪರೀಕ್ಷೆ, ಸ್ಕ್ಯಾನು, ಹಾಸಿಗೆ. ಅದೆಲ್ಲ ಯಾರ ದುಡ್ಡು? ಜನರ ದುಡ್ಡು."

ಕೌಂಟಿಯ, ಅಂದರೆ ಇಲ್ಲಿನ ಜಿಲ್ಲಾಡಳಿತದ, ಆರೋಗ್ಯ ಕಚೇರಿಯವರೂ ನಮ್ಮನ್ನು ಅದನ್ನೇ ಕೇಳಿದ್ದರು: ಇಂಥ ನರ್ಸುಗಳನ್ನು ತಮ್ಮಷ್ಟಕ್ಕೆ ಬಿಟ್ಟರೆ ಸಾರ್ವಜನಿಕರ ಮೇಲೆ ಬೀಳುವ ಖರ್ಚು ಏರುತ್ತದೋ ಇಳಿಯುತ್ತದೋ? ಕೊನೆಗೆ ಕಮಿಟಿ ಆರು ತಿಂಗಳ ಗಡುವು ಕೊಟ್ಟಿತು. ಸಿಸ್ಟರು ತಮ್ಮ ಸಹಿಯಲ್ಲೇ ಬರೆಯಲಿ. ನಾನು ಲೆಕ್ಕವಿಡಬೇಕು. ಖರ್ಚು ಏರಿದರೆ ಕ್ಲಿನಿಕ್ಕು ಗುರುವಾರ ಮಾತ್ರ. ಅಂದರೆ ಐದು ದಿನ ಬೆಂಚು ಖಾಲಿ, ಸಿಸ್ಟರು ಮನೆಗೆ.

ಮೊದಲ ಚೀಟಿಗೆ ಅವರು ಒಂದೊಂದೇ ಅಕ್ಷರ ಬಿಡಿಸಿ ಸಹಿ ಹಾಕಿದರು. ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ರೋಗಿ ಮಾತ್ರ ಯಾರ ಸಹಿಯೆಂದು ನೋಡದೆ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು "ಅಸಾಂಟೆ, ಡಕ್ಟಾರಿ" ಎಂದು ಧನ್ಯವಾದ ಹೇಳಿದ. "ಸಿ ಡಕ್ಟಾರಿ" ಎಂದು ಇವರು.

ಆ ಆರು ತಿಂಗಳು ಡಾಕ್ಟರು ನನ್ನೊಡನೆ ಮಾತು ಬಿಟ್ಟರು. ದೇವಸ್ಥಾನದಲ್ಲಿ ಪ್ರಸಾದ ಹಂಚುವಾಗಲೂ ನನ್ನ ಕೈಗೆ ಹಾಕಿ ಮುಖವನ್ನು ಪಕ್ಕದವರ ಕಡೆ ತಿರುಗಿಸುತ್ತಿದ್ದರು. ಗುರುವಾರ ಬರುವುದನ್ನು ಮಾತ್ರ ತಪ್ಪಿಸಲಿಲ್ಲ. ಸಿಸ್ಟರು ಎಂದಿನಂತೆ ಅವರಿಗೆ ಕಾಫಿ ಮಾಡಿಟ್ಟು, "ಡಾಕ್ಟ್ರೇ, ಈ ಹುಡುಗನ ಕಿವಿ ಒಮ್ಮೆ ನೋಡಿ" ಎಂದು ಕೇಳುವುದನ್ನೂ ಬಿಡಲಿಲ್ಲ. ಇವರ ಜಾಗದಲ್ಲಿ ನಾನಿದ್ದಿದ್ದರೆ ಕಾಫಿಯನ್ನಂತೂ ಮಾಡುತ್ತಿರಲಿಲ್ಲ.

ಗಡುವು ಮುಗಿಯಲು ಹತ್ತು ದಿನವಿದ್ದಾಗ ಲೆಕ್ಕ ಕೂಡಿಸಿದೆ. ಕೂಡಿಸಿ ಕುಸಿದೆ. ಔಷಧದ ಖರ್ಚು ಇಳಿದಿತ್ತು, ತಮ್ಮದೇ ಸಹಿ ಎಂದಾದ ಮೇಲೆ ಸಿಸ್ಟರು ಒಂದೊಂದು ಮಾತ್ರೆಗೂ ಎರಡು ಸಲ ಯೋಚಿಸುತ್ತಿದ್ದರು. ಆದರೆ ದೊಡ್ಡಾಸ್ಪತ್ರೆಗೆ ಕಳಿಸಿದವರು ಹೆಚ್ಚಾಗಿದ್ದರು. ಎರಡನ್ನೂ ಸೇರಿಸಿದರೆ ಖರ್ಚು ಏರಿತ್ತು. ಡಾಕ್ಟರು ಹೇಳಿದ್ದೇ ನಿಜವಾಗಿತ್ತು. ಇಷ್ಟು ವರ್ಷ ಬೇರೆಯವರ ಕಳ್ಳಲೆಕ್ಕ ಹಿಡಿದವಳ ತಲೆಗೆ ಆಗ ಏನು ಬಂತೆಂದರೆ, ವರದಿಯಲ್ಲಿ ಔಷಧದ ಲೆಕ್ಕವನ್ನಷ್ಟೇ ಕೊಡೋಣ. ಕಳಿಸಿದವರ ಖರ್ಚು ನಮ್ಮದಲ್ಲ, ಆಸ್ಪತ್ರೆಯದು ಎಂದರಾಯಿತು. ಹಾಗೆಯೇ ಒಂದು ಪುಟ ತಯಾರಿಸಿ ಸಿಸ್ಟರಿಗೆ ತೋರಿಸಿದೆ.

ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಕಳಿಸಿದವರು ಎಲ್ಲಿ?"

"ಅದು ಬೇರೆ ಲೆಕ್ಕ, ಸಿಸ್ಟರ್."

"ಎಂತ ಬೇರೆ? ಅವರು ಬೇರೆಯವರಾ?" ಪುಟವನ್ನು ನನ್ನ ಕಡೆ ತಳ್ಳಿದರು. "ಎರಡೂ ಬರಿ. ಖರ್ಚು ಹೆಚ್ಚಾದದ್ದು ಹೌದು. ಮುಂಚೆ ಸಂಶಯ ಬಂದ್ರೆ, ಎರಡು ದಿನ ನೋಡುವಾ, ಡಾಕ್ಟ್ರ ಹೆಸರುಂಟಲ್ಲಾಂತ ಬಿಡ್ತಿದ್ದೆ. ಈಗ ಬಿಡ್ಲಿಕ್ಕೆ ಆಗುದಿಲ್ಲ, ನನ್ನ ಹೆಸರು. ಹಾಗೇ ಬರಿ."

"ಬರೆದ್ರೆ ಮುಚ್ಚಿಬಿಡ್ತಾರೆ."

"ಮುಚ್ಚಲಿ. ಸುಳ್ಳು ಹೇಳಿ ತೆರೆದಿಡ್ಲಿಕ್ಕೆ ನಿನ್ನನ್ನು ಕರೆದದ್ದಾ?"

ನನಗೆ ನಾಚಿಕೆಯಾಯಿತು. ಮನೆಗೆ ಹೋಗಿ ಎರಡನ್ನೂ ಬರೆದೆ. ವರದಿಯ ಜೊತೆಗೆ, ಕಳಿಸಿದವರ ಚೀಟಿಗಳ ನಕಲನ್ನೂ ಆಸ್ಪತ್ರೆಯಿಂದ ಮರಳಿ ಬಂದ ಕಾಗದಗಳನ್ನೂ ಕಟ್ಟಿ ಕಮಿಟಿಗೆ ಕೊಟ್ಟೆ. ಡಾಕ್ಟರು ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಹೋದರು.

ತೀರ್ಮಾನದ ಸಭೆ ಒಂದು ಭಾನುವಾರ ಮಧ್ಯಾಹ್ನ, ಕ್ಲಿನಿಕ್ಕಿನ ಜಗಲಿಯಲ್ಲೇ. ಬೀದಿಯ ಜಕರಂಡಾ ಮರಗಳೆಲ್ಲ ಹೂ ಬಿಟ್ಟಿದ್ದವು. ಸಿಸ್ಟರು ಗೋಳಿಬಜೆ ಮಾಡಿ ತಂದಿದ್ದರು. ಕೆಲಸ ಹೋಗುವ ದಿನವೂ ಗೋಳಿಬಜೆಯೇ ಎಂದು ನನಗೆ ಸಂಕಟ. ಅಧ್ಯಕ್ಷರು ನನ್ನ ವರದಿಯ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು: ಒಟ್ಟು ಖರ್ಚು ಏರಿದೆ. ಕಮಿಟಿಯವರೆಲ್ಲ ಡಾಕ್ಟರ ಕಡೆ ನೋಡಿದರು.

ಡಾಕ್ಟರು ಕಟ್ಟನ್ನು ಬಿಚ್ಚಿದರು. ಪ್ರತಿ ಚೀಟಿಯ ಅಂಚಿನಲ್ಲೂ ಪೆನ್ಸಿಲ್ಲಿನ ಗುರುತು. ಒಂದನ್ನೂ ಬಿಡದೆ ಓದಿದ್ದರು.

"ಇವರನ್ನೆಲ್ಲ ನಾನಿದ್ದಿದ್ರೂ ಕಳಿಸ್ತಿದ್ದೆ," ಎಂದರು. "ಎರಡನ್ನ ಬಿಟ್ಟು."

"ಯಾವ ಎರಡು?" ಎಂದರು ಸಿಸ್ಟರು, ತಟ್ಟೆಯನ್ನು ಕೆಳಗಿಟ್ಟು.

ಡಾಕ್ಟರು ಒಂದು ಚೀಟಿಯನ್ನು ಮೇಲೆತ್ತಿದರು. "ಕರೆನ್‌ನಲ್ಲಿ ಮನೆಗೆಲಸದ ಹೆಂಗಸು. ಕಂಕುಳಲ್ಲಿ ಕೂಸು. ಜ್ವರ, ತಲೆನೋವು, ಮಲೇರಿಯಾ ಇಲ್ಲ, ಕತ್ತು ಬಗ್ಗತ್ತೆ. ಹೀಗಂತ ನೀವೇ ಬರೆದಿದೀರಿ. ಮಿದುಳಿಗೆ ಸೋಂಕಾದ್ರೆ ಕತ್ತು ಸೆಟೆಯತ್ತೆ, ಬಗ್ಗೋದಾದ್ರೆ ಇದು ಬರೀ ಜ್ವರ. ಮಾತ್ರೆ ಕೊಟ್ಟು ಮನೆಗೆ ಕಳಿಸ್ತಿದ್ದೆ." ಅದರ ಹಿಂದಿದ್ದ ಆಸ್ಪತ್ರೆಯ ಕಾಗದವನ್ನು ತಿರುವಿದರು. ಅವರ ದನಿ ಸಣ್ಣದಾಯಿತು. "ಮಿದುಳಿನ ಪೊರೆಗೆ ಸೋಂಕಾಗಿತ್ತು. ಇನ್ನೊಂದು ದಿನ ತಡವಾಗಿದ್ರೆ ಉಳೀತಿರಲಿಲ್ಲ. ನಾನು ಕಳಿಸ್ತಿರಲಿಲ್ಲ, ಸಿಸ್ಟರ್. ನಾನಾಗಿದ್ರೆ ಅವಳನ್ನ ಕಳಕೋತಿದ್ವಿ."

ನಲವತ್ತು ವರ್ಷ ವೈದ್ಯವೃತ್ತಿ ಮಾಡಿದವರು, ಎಲ್ಲರೆದುರು, ಯಾರೂ ಕೇಳದೆ ಹೇಳಿದ ಮಾತು ಅದು. ಅವರ ಮೇಲಿದ್ದ ನನ್ನ ಸಿಟ್ಟೆಲ್ಲ ಅಲ್ಲಿಗೆ ಇಳಿಯಿತು. ಸಿಸ್ಟರು ಈಗ ಒಂದು ಮಾತಿನಲ್ಲಿ ಗೆಲ್ಲಬಹುದಿತ್ತು.

"ಹಾಗೆ ಹೇಳಬೇಡಿ ಡಾಕ್ಟ್ರೇ," ಎಂದರು. "ನಾನು ಒತ್ತಿ ನೋಡಿದಾಗ ಕತ್ತು ಬಗ್ಗಿತು, ಹಾಗೇ ಬರೆದೆ. ಚೀಟಿ ಕೊಟ್ಟೂ ಆಗಿತ್ತು. ಆಗ ಕೂಸು ಅತ್ತಿತು. ಮಡಿಲಲ್ಲಿ ಮಲಗಿದ ಕೂಸನ್ನು ತಾಯಿ ಹೇಗೆ ನೋಡ್ತಾಳೆ? ತಲೆ ತಗ್ಗಿಸಿ ಅಲ್ವಾ? ಇವಳು ತಗ್ಗಿಸಲಿಲ್ಲ. ಕೂಸನ್ನೇ ಎತ್ತಿ ಮುಖದ ಹತ್ರ ತಂದು ನೋಡಿದಳು. ಅದನ್ನು ಚೀಟಿಯಲ್ಲಿ ಎಂತಾಂತ ಬರೆಯುದು? ನೀವು ಕಾಗದ ನೋಡಿದ್ದು, ನಾನು ಅವಳನ್ನು ನೋಡಿದ್ದು. ಕಾಗದ ಮಾತ್ರ ಕೊಟ್ಟಿದ್ರೆ ನಾನೂ ಕಳಿಸ್ತಿರ್ಲಿಲ್ಲ. ಅಲ್ಲಿ ಕೂತಿದ್ರೆ ನೀವೂ ಕಳಿಸ್ತಿದ್ರಿ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಅಧ್ಯಕ್ಷರ ಕಡೆ ತಿರುಗಿದರು.

"ಖರ್ಚು ಏರಿದೆ ಅಂತ ಈ ಹುಡುಗಿ ಬರೆದಿದಾಳೆ. ನಿಜವೇ ಬರೆದಿದಾಳೆ. ಏರಲಿ ಬಿಡಿ. ಇಷ್ಟು ವರ್ಷ ನಾವು ಉಳಿಸಿದ್ದು ಯಾರ ಮೈಮೇಲಿಂದ ಉಳಿಸಿದ್ದೋ, ಅದರ ಲೆಕ್ಕ ಯಾರೂ ಇಟ್ಟಿಲ್ಲ. ಕೌಂಟಿಯವರಿಗೂ ಹಾಗೇ ಬರೀರಿ. ಸಿಸ್ಟರು ಅವರ ಹೆಸರಲ್ಲೇ ಬರೀಲಿ, ಆರೂ ದಿನ."

ಅಧ್ಯಕ್ಷರು ತಲೆಯಾಡಿಸಿದರು. ಉಳಿದವರೂ ಆಡಿಸಿದರು. ನಾನು ಸಿಸ್ಟರ ಮುಖ ನೋಡಿದೆ. ಅಳುತ್ತಾರೋ, ನಗುತ್ತಾರೋ, ಕೈ ಮುಗಿಯುತ್ತಾರೋ ಎಂದು. ಅವರು ಮೂರನ್ನೂ ಮಾಡಲಿಲ್ಲ. ಕುರ್ಚಿಯನ್ನು ಡಾಕ್ಟರ ಪಕ್ಕಕ್ಕೆ ಎಳೆದುಕೊಂಡು, ಕನ್ನಡಕ ಏರಿಸಿ, ಚೀಟಿಗಳ ಕಟ್ಟಿನ ಮೇಲೆ ಬಗ್ಗಿದರು.

"ಅದಾಯ್ತು," ಎಂದರು. "ಇನ್ನೊಂದು ಯಾವುದು? ನಾನು ಸುಮ್ಮನೆ ಹೆದರಿ ಕಳಿಸಿದ್ದು? ಅದನ್ನು ಹೇಳಿಕೊಡಿ."